ಸವೆಯದ ಟೈರು

ಗಂಗಾವತಿಯಿಂದ ಕೊಪ್ಪಳಕ್ಕೆ ಹೋಗುವ ರಸ್ತೆಯಲ್ಲಿ ಹೈದರಸಾಬರ ತಗಡಿನ ಅಂಗಡಿ ಎಲ್ಲಿದೆ ಎಂದು ಯಾರನ್ನೂ ಕೇಳಬೇಕಿಲ್ಲ, ಮೂಗು ನೆಟ್ಟಗಿದ್ದರೆ ಸಾಕು. ಬೇಯುವ ರಬ್ಬರಿನ ವಾಸನೆ ಅರ್ಧ ಫರ್ಲಾಂಗು ಮೊದಲೇ ಎದುರುಗೊಳ್ಳುತ್ತದೆ. ಸವೆದು ಬೋಳಾದ ಟೈರನ್ನು ಉಜ್ಜಿ, ಮೇಲೆ ಹೊಸ ರಬ್ಬರು ಸುತ್ತಿ, ಅಚ್ಚಿನಲ್ಲಿಟ್ಟು ಬೇಯಿಸಿ ಮತ್ತೆ ರಸ್ತೆಗೆ ಬಿಡುವುದು ಅವರ ಕಸುಬು. ಜನ ಇದಕ್ಕೆ ಬಟನ್ ಹಾಕಿಸುವುದು ಎನ್ನುತ್ತಾರೆ. ಮೂವತ್ತೈದು ವರ್ಷದಿಂದ ಬಟನ್ ಹಾಕುತ್ತಿರುವ ಈ ಮನುಷ್ಯನಿಗೆ ಮಾತು ಕಡಿಮೆ, ಹಟ ಜಾಸ್ತಿ.

ಅವರು ಗ್ಯಾರಂಟಿ ಕೊಡುತ್ತಿದ್ದುದು ಕಿಲೋಮೀಟರಿನಲ್ಲಲ್ಲ, ಹುಣ್ಣಿಮೆಯ ಲೆಕ್ಕದಲ್ಲಿ. ಹುಣ್ಣಿಮೆಗೊಮ್ಮೆ ಹುಲಿಗಿಗೆ ಭಕ್ತರನ್ನು ತುಂಬಿಕೊಂಡು ಹೋಗುವ ಟಂಟಂ ಡ್ರೈವರುಗಳು ಹಾಗೆ ಎಣಿಸುತ್ತಿದ್ದರು, ಇವರಿಗೂ ಅದೇ ರೂಢಿಯಾಯಿತು. "ಹನ್ನೆರಡು ಹುಣ್ಣಿಮಿ ಬರತೈತಿ. ಅದಕ್ಕೂ ಮೊದಲ ಸವದ್ರ ತಂದು ನನ್ನ ಮಾರಿಗೆ ಒಗಿ" ಎನ್ನುತ್ತಿದ್ದರು. ಇದುವರೆಗೆ ಯಾರೂ ಒಗೆದಿರಲಿಲ್ಲ.

ಇಂಥವರ ಹತ್ತಿರ ಹೋದ ವರ್ಷ ಸುಗ್ಗಿ ಮುಗಿದ ಮೇಲೆ ಪ್ರಭುರಾಜ ಬಂದ. ಶ್ರೀರಾಮನಗರದ ಹತ್ತಿರ ಅವನ ಮನೆತನದ್ದೊಂದು ಅಕ್ಕಿ ಗಿರಣಿಯಿದೆ. ಗಿರಣಿ ಮುಚ್ಚಿ ಎಷ್ಟೋ ವರ್ಷವಾಯಿತು, ಭತ್ತ ಒಣಗಿಸುತ್ತಿದ್ದ ಸಿಮೆಂಟಿನ ಕಣ ಮಾತ್ರ ಎರಡೆಕರೆಯಷ್ಟು ಅಗಲಕ್ಕೆ ಹಾಗೇ ಬಿದ್ದಿದೆ. ಅಲ್ಲಿ ಅವನು ಬೈಕ್ ರೇಸ್ ಇಟ್ಟಿದ್ದ. ಮೊದಲ ಸಲ ಪೂರ್ತಿ ಸಪ್ಪೆಯಾಯಿತು. ಮೊದಲನೇ ಸುತ್ತಿನಲ್ಲಿ ಮುಂದೆ ಹೋದವನೇ ಕೊನೆಯ ಸುತ್ತಿನಲ್ಲೂ ಮುಂದಿದ್ದ. ಜನ ರೇಸಿಗೆ ಬೆನ್ನು ಹಾಕಿ ಮಿರ್ಚಿ ಬಜಿಯ ಬಂಡಿ ಸುತ್ತ ನಿಂತಿದ್ದರು.

"ಚಾಚಾ, ಈ ಸಲ ಎಂಟೂ ಗಾಡಿಗೆ ನಿಮ್ಮ ಟೈರೇ ಹಾಕ್ಸೋದ್ರಿ. ಆದ್ರ ಮೆತ್ತಗಿರಬೇಕು. ಇಪ್ಪತ್ತು ಸುತ್ತಿನಾಗ ಸವದು ಹೋಗಬೇಕು."

"ಏನಾಗಬೇಕು?" ಹೈದರಸಾಬರು ಕಿವಿ ಮುಂದೆ ಮಾಡಿದರು.

"ಸವೀಬೇಕ್ರಿ. ದೊಡ್ಡ ರೇಸಿನಾಗ ಹಂಗ ಮಾಡ್ತಾರ. ಬರೇ ಗಾಡಿ ಜೋರ್ ಇದ್ದಾಂವ ಗೆಲ್ಲಬಾರದು. ಎಲ್ಲಿ ಓಡಿಸಬೇಕು, ಎಲ್ಲಿ ತಡೀಬೇಕು ಅಂತ ತಿಳದಾಂವ ಗೆಲ್ಲಬೇಕು."

ಹೈದರಸಾಬರಿಗೆ ಮೈ ಉರಿಯಿತು. ಹಳಸಿದ ಅನ್ನ ಮಾಡಿ ಬಡಿಸು ಎಂದು ಅಡುಗೆಯವನಿಗೆ ಹೇಳಿದ ಹಾಗಾಯಿತು ಇದು! ಬೇಡ ಬೇಡ ಎಂದು ನೋಡಿದರು, ಕೊನೆಗೆ ಒಪ್ಪಿಕೊಂಡರು. ಆ ಎಂಟು ಜನರಲ್ಲಿ ಅವರ ಅಳಿಯ ನದೀಮನೂ ಒಬ್ಬ, ಅವನ ಬೈಕಿಗೆ ಕಂಡವರು ಮಾಡಿದ ಟೈರು ಹಾಕುವುದು ಅವರಿಂದಾಗದ ಮಾತು.

ನದೀಮನಿಗೂ ಈ ಏರ್ಪಾಡು ಹಿಡಿಸಿರಲಿಲ್ಲ. "ಟೈರ್ ಸವೀತೈತಿ ಅಂತ ಅಂಜಿಕೋಂತ ಹೋಗೋದಕ್ಕ ರೇಸ್ ಅಂತಾರೇನ್ರಿ ಮಾಮಾ? ಮೆರವಣಿಗಿ ಅಂತಾರ" ಎಂದು ಗೊಣಗಿದ. ವಾರವೆಲ್ಲ ಗೂಡ್ಸ್ ಆಟೋದಲ್ಲಿ ಅಕ್ಕಿ ಚೀಲ ಸಾಗಿಸುವವನಿಗೆ ಜೋರಾಗಿ ಹೋಗಲು ಸಿಗುವುದೇ ಆ ಒಂದು ದಿನ. ಮಗಳು ಖುಷ್ಬು ಮಾತ್ರ ತಂದೆಯನ್ನು ಒಳಗೆ ಕರೆದು, "ಅಬ್ಬಾ, ಇವರು ಗೆಲ್ಲೋದು ಬ್ಯಾಡ. ಹೋದ ಹಂಗ ಎರಡು ಕಾಲಮ್ಯಾಲ ನಡಕೊಂಡು ಮನಿಗೆ ಬರಬೇಕು. ಅದು ನಿಮ್ಮ ಜವಾಬ್ದಾರಿ" ಎಂದಳು. ಹೈದರಸಾಬರು ಅವಳ ತಲೆಯ ಮೇಲೆ ಕೈಯಿಟ್ಟು, ಆಯಿತು ಎಂದರು.

ತಪ್ಪು ನಡೆದದ್ದು ಆ ಮಾತು ಉಳಿಸಿಕೊಳ್ಳುವ ಭರದಲ್ಲಿ. ಏಳು ಬೈಕಿನ ಟೈರುಗಳಿಗೆ ಮೆತ್ತನೆಯ ರಬ್ಬರು ಸುತ್ತಿ ಬೇಯಿಸಿದರು. ಎಂಟನೆಯ ಜೋಡಿ ಅಳಿಯನದು. ಅದನ್ನು ಕೈಗೆತ್ತಿಕೊಂಡಾಗ ಕೈ ಮುಂದೆ ಹೋಗಲಿಲ್ಲ. ಅರ್ಧ ದಾರಿಯಲ್ಲಿ ಕೈಕೊಡುವ ಟೈರಿನ ಮೇಲೆ ಮಗಳ ಬದುಕು ಕೂರಿಸುವುದೇ? ಭಾರದ ಗಾಡಿಗಳಿಗೆಂದು ಇಟ್ಟಿದ್ದ ಗಟ್ಟಿ ರಬ್ಬರನ್ನು ತೆಗೆದು ಸುತ್ತಿದರು. ಅಚ್ಚು ಒಂದೇ ಆದ್ದರಿಂದ ಹೊರಗಿನಿಂದ ಯಾರಿಗೂ ವ್ಯತ್ಯಾಸ ಕಾಣುವಂತಿರಲಿಲ್ಲ. ಇದು ಉಳಿದ ಏಳು ಜನರಿಗೆ ಮಾಡಿದ ಮೋಸ ಎಂದು ಅನ್ನಿಸದೆ ಇರಲಿಲ್ಲ, ಆದರೆ ಆ ಅನಿಸಿಕೆಯನ್ನು ಅವರು ಬೆಳೆಯಗೊಡಲಿಲ್ಲ. ಮೆತ್ತನೆಯ ರಬ್ಬರು ನೆಲವನ್ನು ಹಿಡಿಯುತ್ತದೆ, ಗಟ್ಟಿಯದು ಜಾರುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಟೈರು ಕಂಡಾಗಲೆಲ್ಲ ಎಷ್ಟು ದಿನ ಬರುತ್ತದೆ ಎಂಬ ಒಂದೇ ಪ್ರಶ್ನೆ ಕೇಳಿ ಬೆಳೆದ ತಲೆ ಅದು, ಬೇರೆ ಪ್ರಶ್ನೆ ಹೊಳೆಯಲಿಲ್ಲ.

ರೇಸಿನ ದಿನ ಭಾನುವಾರ, ರಣಬಿಸಿಲು. ಹತ್ತು ಸುತ್ತಿನ ತನಕ ಎಲ್ಲರೂ ಒಟ್ಟಿಗೇ ಇದ್ದರು. ಆಮೇಲೆ ಟೈರುಗಳು ಕರಗತೊಡಗಿದವು. ಮುಂದಿದ್ದವನು ಹಿಂದಾದ, ಹಿಂದೆ ಉಳಿದು ಜೋಪಾನವಾಗಿ ಓಡಿಸುತ್ತಿದ್ದ ಯಮನೂರ ಒಬ್ಬೊಬ್ಬರನ್ನೇ ದಾಟಿದ. ಜನ ಮಿರ್ಚಿಯ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಕೂಗಿದರು. ಹೈದರಸಾಬರೂ ತಮಗರಿವಿಲ್ಲದೆ ಕಲ್ಲಿನ ಮೇಲೆ ಹತ್ತಿ ನಿಂತಿದ್ದರು. ಸವೆಯುವ ಟೈರಿನಿಂದಲೇ ಈ ಆಟಕ್ಕೆ ಜೀವ ಬಂದಿದೆ ಎಂದು ಆ ಗಳಿಗೆಯಲ್ಲಿ ಅವರಿಗೆ ಮನವರಿಕೆಯಾಯಿತು. ಪ್ರಭುರಾಜ ಹೇಳಿದ್ದು ಸುಳ್ಳಲ್ಲವಲ್ಲ ಎಂದು ಅಚ್ಚರಿಯೂ ಆಯಿತು.

ಎಲ್ಲರೂ ತಿರುವಿನಲ್ಲಿ ವೇಗ ತಗ್ಗಿಸುತ್ತಿದ್ದರು. ನದೀಮ ತಗ್ಗಿಸಲಿಲ್ಲ. ತನ್ನ ಟೈರು ಇನ್ನೂ ಹೊಸದರಂತಿದೆ ಎಂದು ಅವನಿಗೆ ಗೊತ್ತಾಗಿಹೋಗಿತ್ತು. ಹದಿನಾರನೇ ಸುತ್ತು. ಗಿರಣಿಯ ಮೂಲೆಯಲ್ಲಿ ಹಳೆಯ ಹೊಟ್ಟು ಗಾಳಿಗೆ ಹಾರಿ ಸಿಮೆಂಟಿನ ಮೇಲೆ ತೆಳ್ಳಗೆ ಹರಡಿತ್ತು. ಅವನ ಮುಂದಿದ್ದ ಮೂವರು ಅದರ ಮೇಲೆಯೇ ಹಾದುಹೋದರು. ನದೀಮನ ಬೈಕು ಹಿಡಿತ ಸಿಗದೆ ಅಡ್ಡಡ್ಡ ಜಾರಿ, ಅವನನ್ನೂ ಎಳೆದುಕೊಂಡು ಗೋಡೆಗೆ ಬಡಿಯಿತು. ಬಲಗಾಲು ಅಡಿಯಲ್ಲಿ ಸಿಕ್ಕಿತ್ತು.

ಕೊಪ್ಪಳದ ಆಸ್ಪತ್ರೆಯಲ್ಲಿ ಕಾಲಿಗೆ ರಾಡು ಹಾಕಿದರು. ಇನ್ನು ಅವನು ಮೊದಲಿನ ಹಾಗೆ ನಡೆಯುವುದು ಅನುಮಾನ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಅಷ್ಟರಲ್ಲಿ ಊರ ಬಾಯಿ ತೀರ್ಪು ಕೊಟ್ಟಾಗಿತ್ತು. ಸವೆಯುವ ಟೈರು ಹಾಕಿಸಿ ಹುಡುಗರ ಜೀವದ ಜೊತೆ ಆಟವಾಡಿದವನು ಪ್ರಭುರಾಜ. ಪಾಪ, ಹೈದರಸಾಬ ಬೇಡ ಬೇಡ ಎಂದಿದ್ದನಂತೆ!

ಮರುದಿನ ಪ್ರಭುರಾಜ ಆಸ್ಪತ್ರೆಗೆ ಬಂದ. ಮುಖ ಬಾಡಿಹೋಗಿತ್ತು. ಬಂದವನೇ ವರಾಂಡದಲ್ಲಿ ಬಗ್ಗಿ ಹೈದರಸಾಬರ ಕಾಲು ಹಿಡಿದ. "ನಿಮ್ಮ ಮಾತು ಕೇಳಬೇಕಿತ್ರಿ ಚಾಚಾ. ನಿಮ್ಮ ಮನಿ ನಾನ ಹಾಳ ಮಾಡಿದೆ."

ಹೈದರಸಾಬರು ಕಾಲು ಹಿಂದಕ್ಕೆಳೆದುಕೊಂಡರು. ಸುಮ್ಮನಿದ್ದುಬಿಡಬಹುದಿತ್ತು, ಕೇಳುವವರು ಯಾರೂ ಇರಲಿಲ್ಲ. ಆದರೆ ನಿರಪರಾಧಿಯ ಕೈ ತಮ್ಮ ಪಾದದ ಮೇಲಿದ್ದದ್ದು ಅವರಿಂದ ತಡೆದುಕೊಳ್ಳಲಾಗಲಿಲ್ಲ. "ಏಳಪಾ. ನೀ ಹೇಳಿದ ಟೈರ್ ಅವಗ ನಾ ಹಾಕ್ಲೇ ಇಲ್ಲ" ಎಂದರು. ಆಮೇಲೆ ನಡೆದದ್ದನ್ನೆಲ್ಲ ಹೇಳಿದರು. ಖುಷ್ಬು ಬಾಗಿಲಲ್ಲಿ ನಿಂತಿದ್ದಳು.

ಪ್ರಭುರಾಜ ಮೆಲ್ಲಗೆ ಎದ್ದು ನಿಂತ. ಖುಷ್ಬು ಅಳಲಿಲ್ಲ, ಕೂಗಾಡಲೂ ಇಲ್ಲ. "ಇವರಿಗೆ ನಾ ಹೇಳಂಗಿಲ್ಲ. ನೀವ ಹೇಳ್ರಿ ಅಬ್ಬಾ" ಎಂದು ದಾರಿ ಬಿಟ್ಟು ನಿಂತಳು.

ನದೀಮ ಎಚ್ಚರವಾಗಿದ್ದ. ಮಾವನನ್ನು ಕಂಡು ಏಳಲು ಹೋಗಿ, ನೋವಿಗೆ ಹಲ್ಲು ಕಚ್ಚಿ ಮತ್ತೆ ಒರಗಿದ. ಅವನಿಗೆ ನಾಚಿಕೆಯಾದಂತಿತ್ತು.

"ಯಾರಿಗೂ ಬೈಬ್ಯಾಡ್ರಿ ಮಾಮಾ, ತಪ್ಪು ನಂದ. ನಿಮ್ಮ ಟೈರ್ ಭಾಳ ಛಲೋ ಇತ್ತು. ಒಂದೀಟೂ ಸವದಿರಲಿಲ್ಲ."

ಹೈದರಸಾಬರು ಮಂಚದ ಅಂಚಿನಲ್ಲಿ ಕುಳಿತು ಅವನ ಕೈ ಹಿಡಿದುಕೊಂಡರು.

"ಅದಕ್ಕ ಬಿದ್ದಿ, ಬೇಟಾ" ಎಂದರು.