ದಡ್ಡಿಗೆ ಉಡಕಿ ಹೋದವಳು

ನಮ್ಮ ಮುತ್ತಜ್ಜಿಯ ಬಗ್ಗೆ ಮನೆಯಲ್ಲಿ ಇದ್ದದ್ದು ಒಂದೇ ಮಾತು: ಪ್ಲೇಗಿನಲ್ಲಿ ಸತ್ತಳು. ಅವಳ ಮಗಳು, ಅಂದರೆ ನನ್ನ ತಾಯಿಯ ತಾಯಿ, ನಾವು ಆಯಿ ಎಂದು ಕರೆಯುತ್ತಿದ್ದವಳು, ಈ ಮಾತು ಹೇಳುವಾಗ ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಿರಲಿಲ್ಲ. ರೊಟ್ಟಿ ಬಡಿಯುತ್ತಿದ್ದರೆ ಬಡಿಯುತ್ತಲೇ ಹೇಳುತ್ತಿದ್ದಳು. ತಾಯಿ ಹೋದಾಗ ಅವಳಿಗೆ ಇನ್ನೂ ವರ್ಷ ತುಂಬಿರಲಿಲ್ಲವಂತೆ. ತಂದೆ ಅದಕ್ಕೂ ಮುಂಚೆ ತೀರಿಕೊಂಡಿದ್ದ. ಕೌಜಲಗಿಯಲ್ಲಿ ದೊಡ್ಡಪ್ಪ ಸಾಕಿದ, ಮೂಡಲಗಿಗೆ ಕೊಟ್ಟು ಮದುವೆ ಮಾಡಿದ. ಅಲ್ಲಿಗೆ ಮುಗಿಯಿತು.

ನಾನು ಗೋಕಾಕ ಸುತ್ತಲಿನ ಹಳ್ಳಿಗಳಲ್ಲಿ ಮೂವತ್ತು ವರ್ಷ ನರ್ಸಬಾಯಿ ಆಗಿದ್ದವಳು. ಎಷ್ಟೋ ಮನೆಗಳ ಗುಟ್ಟು ನನ್ನ ಕಿವಿಗೆ ಬಿದ್ದಿದೆ. ನಮ್ಮ ಮನೆಯದನ್ನು ಮಾತ್ರ ಕೇಳಲಿಲ್ಲ. ಕೇಳುವಂತಾದದ್ದು ಹೊಲದಿಂದ.

ಕೌಜಲಗಿಯಲ್ಲಿ ಆಯಿಯ ಹೆಸರಿಗೆ ಒಂದು ಎರೆಹೊಲ ಇತ್ತು. ಆಯಿ ಹೋದಳು, ನನ್ನವ್ವನೂ ಹೋದಳು. ಹೊಲವನ್ನು ಆಯಿಯ ಮಗ, ನನ್ನ ಮಾಮಾ, ಮತ್ತು ನಾನು ನಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಹೋದಾಗ, ಆ ದೊಡ್ಡಪ್ಪನ ಮೊಮ್ಮಕ್ಕಳು ತಕರಾರು ತೆಗೆದರು. ಹೆಣ್ಣುಮಗಳಿಗೆ ಈ ಹೊಲ ಹೆಂಗೆ ಬಂತು, ಕಾಗದ ತೋರಿಸಿರಿ ಎಂದರು. ಮಾಮಾಗೆ ಮೊಣಕಾಲು ನೋವು. "ನೀ ಹೆಂಗೂ ರಿಟಾಯರ್ ಆಗಿ ಖಾಲಿ ಕುಂತಿ. ತಿರಿಗ್ಯಾಡಿ ಹಳೇ ಕಾಗದ ಹುಡಿಕ್ಯಾಡು," ಎಂದು ನನ್ನ ಮೇಲೆ ಹಾಕಿದ.

ಎರಡು ತಿಂಗಳು ಕಚೇರಿಗಳಿಗೆ ಅಲೆದ ಮೇಲೆ ಬ್ರಿಟಿಷರ ಕಾಲದ ಒಂದು ನೋಂದಣಿಯ ನಕಲು ಸಿಕ್ಕಿತು. ಅದರ ಜೊತೆಗೆ ಒಂದು ಹೇಳಿಕೆ, ಕೆಳಗೆ ಕಪ್ಪು ಮಸಿಯ ಹೆಬ್ಬೆಟ್ಟು. ಬರೆದದ್ದು ಹಳೇ ಮರಾಠಿಯ ಮೋಡಿ ಲಿಪಿಯಲ್ಲಿ, ಒಂದಕ್ಷರವೂ ನನಗೆ ತಿಳಿಯಲಿಲ್ಲ. ಹುಕ್ಕೇರಿಯಲ್ಲಿ ಮೋಡಿ ಓದುವ ಒಬ್ಬ ಮುಸ್ಲಿಂ ಹಿರಿಯರು ಇದ್ದಾರೆ, ಅವರ ತಂದೆ ಹಿಂದೆ ಕಾರಕೂನರಾಗಿದ್ದರು ಎಂದು ಯಾರೋ ಹೇಳಿದರು. ಅವರ ಮನೆಗೆ ಹೋದೆ. ಚಹಾ ತರಿಸಿದರು. ಭೂತಗನ್ನಡಿ ಹಿಡಿದು ಮನಸ್ಸಿನಲ್ಲೇ ಒಮ್ಮೆ ಪೂರ್ತಿ ಓದಿಕೊಂಡರು.

"ಈ ಹೆಣ್ಣಮಗಳು ನಿಮಗೇನಾಗಬೇಕ್ರಿ?" ಎಂದು ಕೇಳಿದರು.

"ನಮ್ಮ ಆಯಿಯ ಅವ್ವ, ಕಾಕಾ. ಪ್ಲೇಗಿನ್ಯಾಗ ಸತ್ತಾಕಿ."

"ಇದರಾಗ ಸತ್ತಿಲ್ರಿ," ಎಂದರು.

ಅವರು ಕನ್ನಡದಲ್ಲಿ ಹೇಳಿದ್ದನ್ನು ನಾನು ಚೀಟಿಯ ಮೇಲೆ ಬರೆದುಕೊಂಡೆ. ಗಂಡ ತೀರಿದ ಮೇಲೆ ಹೊಲ ಹೆಂಡತಿಯ ಹೆಸರಿಗೆ ಬಂದಿದೆ. ಆಕೆ ಹುಕ್ಕೇರಿ ತಾಲ್ಲೂಕಿನ ದಡ್ಡಿಯಲ್ಲಿ ಉಡಕಿ ಆಗಿದ್ದರಿಂದ ಅವಳ ಹಕ್ಕು ತಪ್ಪಿ ಹೊಲ ಮಗಳಿಗೆ ಹೋಗಿದೆ. ಮಗಳು ದೊಡ್ಡವಳಾಗುವವರೆಗೆ ಪಾಲಕ ದೊಡ್ಡಪ್ಪ. ಹೇಳಿಕೆಯ ಕೊನೆಯ ಸಾಲು ಹೀಗಿತ್ತು: "ಕೂಸನ್ನು ನನ್ನ ಖುಷಿಯಿಂದ ಬಿಟ್ಟು ಹೋಗುತ್ತಿದ್ದೇನೆ. ನನ್ನ ಮೇಲೆ ಯಾರ ಜುಲುಮೆಯೂ ಇಲ್ಲ."

ಉಡಕಿ ಎಂದರೆ ವಿಧವೆಯ ಮರುಮದುವೆ. ನಮ್ಮ ಒಕ್ಕಲುತನದ ಮಂದಿಯಲ್ಲಿ ಅದಕ್ಕೆ ಅಡ್ಡಿ ಇರಲಿಲ್ಲ. ಆದರೆ ಅದಕ್ಕೆ ಬಾಜಾ ಬಜಂತ್ರಿ ಇಲ್ಲ, ಚಪ್ಪರ ಇಲ್ಲ. ಮುತ್ತೈದೆಯರು ಮುಖ ನೋಡಬಾರದೆಂದು ಯಾವುದೋ ಕೊಟ್ಟಿಗೆಯಲ್ಲಿ ಸೀರೆ ಉಡಿಸಿ ಕಳಿಸಿಬಿಡುತ್ತಿದ್ದರು. ಮೊದಲ ಗಂಡನ ಮಕ್ಕಳು ಮೊದಲ ಗಂಡನ ಮನೆಗೇ ಸೇರಿದವು. ಹೊಲವೂ ಅಷ್ಟೆ.

ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಮುತ್ತಜ್ಜಿಯ ಮೇಲೆ ಸಿಟ್ಟು ಬಂದಿತ್ತು. ಮೊಲೆ ಕುಡಿಯುವ ಕೂಸನ್ನು ಖುಷಿಯಿಂದ ಬಿಟ್ಟು ಹೋದವಳು. ಆಯಿ ಅವಳನ್ನು ಸತ್ತಳು ಎಂದದ್ದೇ ಸರಿ ಎನಿಸಿತು.

ವಕೀಲರು ಕಾಗದ ನೋಡಿ ಬಹಳ ಖುಷಿಪಟ್ಟರು. "ಇದ ಬೇಕಾಗಿತ್ತು ನಮಗ. ಆಕಿ ಉಡಕಿ ಹೋಗಿದ್ದಕ್ಕ ಹೊಲ ನಿಮ್ಮದು," ಎಂದರು. ನನ್ನ ಕೆಲಸ ಅಲ್ಲಿಗೆ ಮುಗಿದಿತ್ತು. ಆದರೂ ಒಂದು ಸೋಮವಾರ ನಾನು ದಡ್ಡಿಯ ಬಸ್ಸು ಹತ್ತಿದೆ. ಅಂಥ ಹೆಂಗಸು ಆಮೇಲೆ ಹೇಗೆ ಬದುಕಿದಳೋ ನೋಡಬೇಕೆನಿಸಿತ್ತು. ಒಳ್ಳೆಯ ಮನಸ್ಸಿನಿಂದ ಹೋದೆ ಎಂದು ಹೇಳಿದರೆ ಸುಳ್ಳಾಗುತ್ತದೆ.

ಕಾಗದದಲ್ಲಿದ್ದ ಮನೆತನದ ಹೆಸರು ಹೇಳಿದ ಕೂಡಲೇ ಮನೆ ತೋರಿಸಿದರು. ಪಡಸಾಲೆಯಲ್ಲಿ ಕಂಬಕ್ಕೆ ಆತು ಒಬ್ಬ ಮುದುಕಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ವಯಸ್ಸು ತೊಂಬತ್ತರ ಹತ್ತಿರ. ಮುತ್ತಜ್ಜಿಗೆ ಎರಡನೇ ಗಂಡನಿಂದ ಹುಟ್ಟಿದ ಕೊನೆಯ ಮಗಳು. ನಾನು ಯಾರೆಂದು ಹೇಳಿದಾಗ ಕೈ ತಡೆದಳು.

"ಮೂಡಲಗ್ಯಾಕಿ ಮೊಮ್ಮಗಳ?"

"ಹೌದ್ರಿ."

"ರಿ ಅನಬ್ಯಾಡ. ನಾ ನಿಮ್ಮ ಆಯಿಗೆ ತಂಗಿ. ನಿನಗ ಸಣ್ಣಾಯಿ ಆಗಬೇಕು. ಬಾ, ಇಲ್ಲೆ ಕೂಡು."

ನಾನು ಕೂತೆ. ಕಾಗದದ ಮಾತು ಆಗ ಎತ್ತಲಿಲ್ಲ, ನಿಮ್ಮವ್ವನ ವಿಷಯ ಹೇಳು ಎಂದೆ. ಅವಳು ಅವರೆಕಾಯಿ ಸುಲಿಯುತ್ತಲೇ ಹೇಳಿದಳು.

ಮುತ್ತಜ್ಜಿಯ ಸ್ವಂತ ಅಣ್ಣನೇ ಚಕ್ಕಡಿ ಕಟ್ಟಿಕೊಂಡು ಕೌಜಲಗಿಗೆ ಬಂದಿದ್ದನಂತೆ. ಸಂಕೇಶ್ವರದ ಬಾಜೂಕಿನ ತವರಿಗೆ ನಾಲ್ಕು ದಿನ ಕರೆದೊಯ್ಯುತ್ತೇನೆ ಎಂದ. ಹೊರಡುವ ಹೊತ್ತಿಗೆ ಭಾವ, ಅಂದರೆ ಆಯಿಯನ್ನು ಸಾಕಿದ ಆ ದೊಡ್ಡಪ್ಪ, ಕೂಸನ್ನು ಕೈಯಿಂದ ತೆಗೆದುಕೊಂಡು, "ಕೂಸಿನ ಮೈ ಬೆಚ್ಚಗಾಗೇತಿ. ಬಿಸಿಲಾಗ ಬ್ಯಾಡ. ನಾಕ ದಿನಕ್ಕ ಬರಾಕಿ, ಇರಲಿ ಬಿಡು," ಎಂದನಂತೆ. ಚಕ್ಕಡಿ ತವರಿಗೆ ಹೋಗಲಿಲ್ಲ. ಘಟಪ್ರಭೆಯ ದಂಡೆ ಹಿಡಿದು ದಡ್ಡಿಗೆ ಬಂತು. ಊರ ಹೊರಗಿನ ಕೊಟ್ಟಿಗೆಯಲ್ಲಿ ಇಬ್ಬರು ವಿಧವೆಯರು ಸೀರೆ ಹಿಡಿದು ಕಾದು ನಿಂತಿದ್ದರು. ಅವಳು ಒಲ್ಲೆ ಎಂದಾಗ ಅಣ್ಣ ಬಾಯಿಗೆ ಹೊಡೆದ. ಮುಂದಿನ ಒಂದು ಹಲ್ಲು ಅಲ್ಲೇ ಹೋಯಿತು.

"ನಾ ಹುಟ್ಟಿದಾಗಿಂದ ಅವ್ವಗ ಆ ಹಲ್ಲ ಇದ್ದಿದ್ದಿಲ್ಲ," ಎಂದಳು ಸಣ್ಣಾಯಿ.

ಮೂರನೇ ದಿನಕ್ಕೆ ಮುತ್ತಜ್ಜಿಯ ಎದೆ ಹಾಲು ಕಟ್ಟಿ ಕಲ್ಲಾಯಿತು. ಜ್ವರ ಏರಿತು. ಹೊಸ ಅತ್ತೆ ಮಲ್ಲಿಗೆ ಹೂವಿನ ಮುದ್ದೆ ಮಾಡಿ ಎರಡೂ ಮೊಲೆಗೆ ಇಟ್ಟು ಅರಿವೆಯಿಂದ ಬಿಗಿದು ಕಟ್ಟಿದಳು. ಹಾಲು ಬತ್ತಿಸಲು ಹಾಗೆ ಮಾಡುತ್ತಾರೆ. ಕೂಸು ಸತ್ತ ಬಾಣಂತಿಯರಿಗೆ ಕಟ್ಟಿದ್ದನ್ನು ನಾನೂ ಹಳ್ಳಿಗಳಲ್ಲಿ ನೋಡಿದ್ದೇನೆ. ವಿಧವೆಯಾದಂದಿನಿಂದ ಹೂವು ಮುಟ್ಟದವಳ ಮೈಗೆ ಹೂವು ತಾಗಿದ್ದು ಹೀಗೆ. ಅವಳ ಕೂಸು ಬದುಕಿತ್ತು.

ಎರಡನೇ ಗಂಡ ಕೆಟ್ಟವನಲ್ಲ, ಮಾತು ಕಡಿಮೆ. ಮೊದಲ ಹೆಂಡತಿಯ ಎರಡು ಮಕ್ಕಳನ್ನು ನೋಡಿಕೊಳ್ಳಲು ಅವನಿಗೆ ಹೆಣ್ಣು ಬೇಕಿತ್ತು. ನಾಲ್ಕು ವರ್ಷ ಅವಳು ಬೇಡಿಕೊಂಡ ಮೇಲೆ ಒಮ್ಮೆ ಕೌಜಲಗಿಗೆ ಕರೆದೊಯ್ದ. ಭಾವ ಊರ ಮುಂದಿನ ಬಾವಿಯ ಹತ್ತಿರವೇ ಅವರನ್ನು ತಡೆದು ನಿಲ್ಲಿಸಿದ. "ಕೂಸು ಹೋದ ವರ್ಷನ ತೀರಿಕೊಂತು," ಎಂದ. ಹೊಲದ ಬದುವಿಗೆ ಕರೆದೊಯ್ದು ಒಂದು ಮಣ್ಣಿನ ಗುಡ್ಡೆ ತೋರಿಸಿದ. ಮುತ್ತಜ್ಜಿ ಅದರ ಮೇಲೆ ಬಿದ್ದು ಅತ್ತಳು. ಗುಡ್ಡೆಯ ಮಣ್ಣನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಬಂದಳು.

"ಅದು ಯಾರದ ಮಣ್ಣೋ," ಎಂದಳು ಸಣ್ಣಾಯಿ. "ನಾಯಿದೋ ಏನೋ."

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವಳು ಅದನ್ನೇ ನಂಬಿದ್ದಳು. ಆಮೇಲೆ ಒಂದು ದಿನ ಸಂಕೇಶ್ವರದ ಸಂತೆಯಲ್ಲಿ ಬಳೆ ಇಡಿಸಿಕೊಳ್ಳುವಾಗ, ಊರೂರು ತಿರುಗುವ ಬಳೆಗಾರ ಮಾತಿಗೆ ಮಾತು ಬಂದು ಕೌಜಲಗಿಯ ಸುದ್ದಿ ತೆಗೆದ. ಆ ಮನೆತನದ ತಾಯಿಯಿಲ್ಲದ ಹುಡುಗಿಯ ಮದುವೆಗೆ ತಾನೇ ಬಳೆ ಇಟ್ಟಿದ್ದೆ, ಈಗ ಮೂಡಲಗಿಯಲ್ಲಿ ಮಕ್ಕಳೊಂದಿಗಳಾಗಿದ್ದಾಳೆ ಎಂದ. ಮುತ್ತಜ್ಜಿ ಅವನ ಕೈಯಿಂದ ಕೈ ಎಳೆದುಕೊಂಡಳು. ಅರ್ಧ ಏರಿದ ಬಳೆ ಒಡೆಯಿತು.

ಎರಡೇ ದಿನಕ್ಕೆ ಮೂಡಲಗಿಗೆ ಹೊರಟಳು. ಜೊತೆಗೆ ಹತ್ತು ವರ್ಷದ ಸಣ್ಣಾಯಿ, ಒಂದು ಖಣ, ಒಂದು ದೊಡ್ಡ ಬೆಲ್ಲದ ಹೆಂಟೆ. ಅವರು ಹೋದಾಗ ಆಯಿ ಕಟ್ಟೆಯ ಮೇಲೆ ಜೋಳ ಕೇರುತ್ತಿದ್ದಳು. ಪಕ್ಕದಲ್ಲಿ ಒಂದು ಸಣ್ಣ ಹುಡುಗಿ ಆಡುತ್ತಿತ್ತು. ಅದು ನನ್ನವ್ವ.

ಮುತ್ತಜ್ಜಿ ಕಟ್ಟೆಯ ಕೆಳಗೆ ನಿಂತು, "ನಾ ನಿಮ್ಮವ್ವ," ಎಂದಳು.

ಆಯಿ ಮೊರ ಕೆಳಗಿಟ್ಟು ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಆಶ್ಚರ್ಯಪಡಲಿಲ್ಲ. "ನಮ್ಮವ್ವ ಪ್ಲೇಗಿನ್ಯಾಗ ಸತ್ಳು," ಎಂದಳು. "ಹೊರಗಿನ ಮಂದಿಗೆ ಹಂಗ ಹೇಳ್ಯಾರ. ಗಂಡಸು ಬೇಕಾಗಿ ಕೂಸು ಒಗದ ಹೋದ್ಲು ಅಂತ ನನಗ ಹೇಳ್ಯಾರ. ನನಗ ಎರಡೂ ಒಂದ."

"ನೀ ಸತ್ತೀ ಅಂತ ನನಗ ಹೇಳಿದ್ರು, ಮಗಳ. ನಿನ್ನ ಮಣ್ಣ ತೋರಿಸಿದ್ರು. ಇಷ್ಟ ವರ್ಷ ಅತ್ತೇನಿ."

"ಹಂಗಾದ್ರ ಇಬ್ಬರೂ ಸತ್ತಂಗನ ಇರೂಣು," ಎಂದಳು ಆಯಿ.

ಮುತ್ತಜ್ಜಿ ಮೊಮ್ಮಗಳತ್ತ ಕೈ ಚಾಚಿದಳು. ಆಯಿ ಮಗುವನ್ನು ರಟ್ಟೆ ಹಿಡಿದು ಒಳಗೆ ದಬ್ಬಿ ಬಾಗಿಲು ಮುಂದೆ ಮಾಡಿದಳು. ಅವರು ಕಟ್ಟೆಯ ಮೇಲಿಟ್ಟಿದ್ದ ಬೆಲ್ಲದ ಹೆಂಟೆಯನ್ನು ಎತ್ತಿ ಎಮ್ಮೆಯ ಮುಂದೆ ಇಟ್ಟಳು. ಎಮ್ಮೆ ಅದನ್ನು ನೆಕ್ಕಿ ಮುಗಿಸುವವರೆಗೂ ಅಲ್ಲೇ ನಿಂತಿದ್ದಳು. ಖಣವನ್ನು ಕಾಲಿನಿಂದ ಕಟ್ಟೆಯ ಕೆಳಗೆ ಸರಿಸಿದಳು.

ಆ ದಿನ ಊರ ಹೊರಗೆ ಬೇವಿನ ಗಿಡದ ಕೆಳಗೆ ಕೂತು ತಾಯಿ ಮಗಳು ತಂದಿದ್ದ ಬುತ್ತಿ ಉಂಡರಂತೆ. ಮುತ್ತಜ್ಜಿ ಅಳಲಿಲ್ಲ. "ನೋಡಿದ್ಯಾ, ನಂದ ಗದ್ದ ಬಂದೈತಿ ಆಕಿಗೆ," ಎಂದಳಂತೆ.

ಆಯಿ ನನಗೆ ಬಹಳ ಪ್ರೀತಿಯವಳು. ನನ್ನ ತಲೆ ಹಿಕ್ಕಿದವಳು, ನನ್ನನ್ನು ಓದಿಸಲೇಬೇಕೆಂದು ಗಂಡಸರೊಡನೆ ಜಗಳಾಡಿದವಳು. ಅವಳೇ ಹೀಗೆ ಮಾಡಿದಳು ಎಂದು ನನಗೆ ನಂಬಲು ಕಷ್ಟವಾಗಲಿಲ್ಲ. ಯಾಕೆಂದರೆ ಸಣ್ಣಾಯಿ ಮುಂದೆ ಹೇಳಿದ್ದು ನಾನೇ ಕಂಡ ಸಂಗತಿ.

"ಅವ್ವ ಸತ್ತಾಗ ನಮ್ಮ ಮನಿಯವರನ್ನ ಮೂಡಲಗಿಗೆ ಕಳಿಸಿದ್ನಿ," ಎಂದಳು. "ಏನರ ಆಗಲಿ, ಹಡದಾಕಿ. ಮಣ್ಣಿಗಾದ್ರೂ ಬರ್ತಾಳ ಅಂತ. ಬಾಗಲಾಗ ಒಂದು ಹುಡುಗಿ ನಿಂತಿತ್ತಂತ. ಮನ್ಯಾಗ ಯಾರೂ ಇಲ್ಲ ಅಂತು. ಕುಡಿಯಾಕ ನೀರು ಕೇಳಿದ್ರ ನೀರೂ ಇಲ್ಲ ಅಂತು. ಅವರು ಸಾಯೂತನಕ ಅದನ್ನ ಹೇಳತಿದ್ರು. ಯಾರಿದ್ದೀತು ಆ ಹುಡುಗಿ?"

"ಗೊತ್ತಿಲ್ಲ," ಎಂದೆ.

ಆ ಹುಡುಗಿ ನಾನು. ಎಂಟು ವರ್ಷ. ಬಿಸಿಲಲ್ಲಿ ಬಂದ ಆ ಮನುಷ್ಯನ ಧೋತರದ ಅಂಚೆಲ್ಲ ಧೂಳಾಗಿತ್ತು. "ದಡ್ಡಿಯಿಂದ ಬಂದೇನವ್ವ. ಮುದುಕಿ ತೀರಿಕೊಂಡ್ಲು ಅಂತ ನಿಮ್ಮ ಆಯಿಗೆ ಹೇಳು," ಎಂದಿದ್ದ. ಆಯಿ ಅಡುಗೆಮನೆಯ ಬಾಗಿಲ ಹಿಂದೆ ನಿಂತು ನನಗೆ ಕೈಸನ್ನೆ ಮಾಡುತ್ತಿದ್ದಳು. ಅವನು ನೀರು ಕೇಳಿದಾಗಲೂ ನಾನು ತಿರುಗಿ ಅವಳನ್ನು ನೋಡಿದೆ, ಅವಳು ತಲೆ ಅಲ್ಲಾಡಿಸಿದಳು. ತುಂಬಿದ ಹಂಡೆ ಅವನಿಗೆ ಕಾಣುವಂತೆಯೇ ಇತ್ತು. ಅವನು ಅದನ್ನೂ ನೋಡಿದ, ನನ್ನನ್ನೂ ನೋಡಿದ, ಹೋದ. ಆಯಿ ಊಟಕ್ಕೆ ಕೂತಳು. ಪಲ್ಯಕ್ಕೆ ಉಪ್ಪು ಸಾಲದೆಂದು ನನ್ನವ್ವನನ್ನು ಬೈದಳು. ಎರಡು ಸಲ ಮಜ್ಜಿಗೆ ಹಾಕಿಸಿಕೊಂಡಳು. ಅವನು ಯಾವ ಮುದುಕಿಯ ಸುದ್ದಿ ತಂದಿದ್ದ ಎಂದು ನಾನು ಕೇಳಲಿಲ್ಲ. ಆಯಿ ಹೇಳಿದಂತೆ ಮಾಡಿದ್ದಕ್ಕೆ ನನಗೆ ಹೆಮ್ಮೆಯಾಗಿತ್ತು.

ಹೊರಡುವಾಗ ಕಾಗದದ ವಿಷಯ ಬಾಯಿ ತಪ್ಪಿ ಬಂತು. ಅದರಲ್ಲಿ ನಿಮ್ಮವ್ವನ ಹೆಸರಿದೆ, ಹೆಬ್ಬೆಟ್ಟೂ ಇದೆ ಎಂದೆ. ಸಣ್ಣಾಯಿ ನನ್ನ ಮುಂಗೈ ಹಿಡಿದುಕೊಂಡಳು.

"ನಮ್ಮವ್ವಂದು ಒಂದ ಫೋಟೋ ಇಲ್ಲ, ಏನಿಲ್ಲ. ಆ ಹೆಬ್ಬಟ್ಟ ನನಗ ತಂದ ತೋರಸತಿ?"

ಮಾಮಾಗೆ ಹೇಳಿದಾಗ ಬೇಡವೇ ಬೇಡ ಎಂದ. "ಆ ಮಂದಿ ಕೈಯಾಗ ಕಾಗದ ಕೊಟ್ರ ನಾಳೆ ಅವರೂ ಪಾಲು ಕೇಳಾಕ ಬರತಾರ." ಅವರಿಗೆ ಆ ಹೊಲದಲ್ಲಿ ಯಾವ ಹಕ್ಕೂ ಬರುವುದಿಲ್ಲ ಎಂದು ವಕೀಲರೇ ಹೇಳಿದ್ದರು. ಆದರೂ ನಾನು ಕಾದೆ. ವಿಚಾರಣೆ ಮುಗಿಯುವವರೆಗೆ ದಡ್ಡಿಗೆ ಹೋಗಲಿಲ್ಲ. ಸಣ್ಣಾಯಿಯ ಮಗ ಎರಡು ಸಲ ಫೋನು ಮಾಡಿದ, ಇವತ್ತು ನಾಳೆ ಎಂದೆ. ವಿಚಾರಣೆಯ ದಿನ ವಕೀಲರು ಆ ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದರು. ಖುಷಿಯಿಂದ ಬಿಟ್ಟು ಹೋಗುತ್ತಿದ್ದೇನೆ. ಅದು ಸುಳ್ಳೆಂದು ಅಲ್ಲಿದ್ದವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಕೈ ಕಟ್ಟಿಕೊಂಡು ಕೂತಿದ್ದೆ. ತಕರಾರು ಬಿದ್ದುಹೋಯಿತು. ಹೊಲದ ಉತಾರಕ್ಕೆ ನಮ್ಮ ಹೆಸರು ಏರಿತು.

ಆಮೇಲೆ ಒಂದು ಝೆರಾಕ್ಸ್ ಮಾಡಿಸಿಕೊಂಡು ದಡ್ಡಿಗೆ ಹೋದೆ. ಸಣ್ಣಾಯಿ ಹಾಸಿಗೆ ಹಿಡಿದಿದ್ದಳು. ದಿಂಬಿಗೆ ಒರಗಿಸಿ ಕೂರಿಸಿದೆವು. ಹೆಬ್ಬೆಟ್ಟಿನ ಮೇಲೆ ಬೆರಳಾಡಿಸಿದಳು. ಬಹಳ ಹೊತ್ತು ನೋಡಿದ ಮೇಲೆ, "ಮ್ಯಾಲ ಏನ ಬರದಾರ? ಓದು," ಎಂದಳು.

ಮೋಡಿ ನನಗೆ ಬರುವುದಿಲ್ಲ ಎನ್ನಬಹುದಿತ್ತು, ಅದು ನಿಜವೂ ಹೌದು. ಕೊನೆಯ ಸಾಲನ್ನಾದರೂ ಬಿಡಬಹುದಿತ್ತು. ಆ ಮನೆಯಲ್ಲಿ ಮತ್ತೊಂದು ಸುಳ್ಳು ಹೇಳಬಾರದೆಂದು ಬರುವಾಗ ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ಚೀಟಿ ತೆಗೆದು ಪೂರ್ತಿ ಓದಿದೆ.

ಅವಳು ಹೆಬ್ಬೆಟ್ಟಿನ ಮೇಲಿಂದ ಬೆರಳು ತೆಗೆದಳು. ಆಮೇಲೆ ಹೇಳಿದಳು: "ಒಂದ ಸಲ ಹೆಬ್ಬಟ್ಟ ಒತ್ತೇನಿ ಅಂತ ಅವ್ವ ಅಂತಿದ್ಲು. ಕಂದಾಯದ ಕಾಗದ ಅಂದಿದ್ರಂತ."

"ಹೌದು ಸಣ್ಣಾಯಿ, ಮೋಸ ಮಾಡ್ಯಾರ."

"ಈ ಕಾಗದದ ಮ್ಯಾಲನ ಹೊಲ ನಿಮಗ ಬಂತೇನು?"

"ಹೌದು."

ಅವಳು ಝೆರಾಕ್ಸನ್ನು ಮಡಚಿ ನನ್ನ ಕೈಗೆ ಕೊಟ್ಟಳು. "ಹಂಗಾದ್ರ ಇದು ನಿಮ್ಮದು. ಒಯ್ದಬಿಡು," ಎಂದಳು. ಸೊಸೆಯನ್ನು ಕರೆದು ನನಗೆ ಚಹಾ ಮಾಡಲು ಹೇಳಿದಳು. ಗೋಡೆಯ ಕಡೆ ಹೊರಳಿ ಮಲಗಿದಳು. ಚಹಾ ಬಂತು, ಕುಡಿದೆ. ನಾನು ಎದ್ದು ಹೊರಡುವವರೆಗೂ ಅವಳು ಈ ಕಡೆ ತಿರುಗಲಿಲ್ಲ.

ಮಾಮಾ ಆ ಹೊಲಕ್ಕೆ ಈ ಸಲ ಕಬ್ಬು ಹಚ್ಚಿಸಿದ್ದಾನೆ.