ಮೊದಲ ಸೊಪ್ಪಿನ ಕೈ

ನಮ್ಮೂರಲ್ಲಿ ರೇಷ್ಮೆ ಹುಳ ತಂದ ಮನೆಯವರು ಮೊದಲ ಸೊಪ್ಪನ್ನು ತಾವೇ ಹಾಕುತ್ತಿರಲಿಲ್ಲ. ನನ್ನ ದೊಡ್ಡವ್ವ ಬರಬೇಕಿತ್ತು. ಅವಳು ತಲೆಗೆ ನೀರು ಹಾಕಿಕೊಂಡು, ಎಲೆಅಡಿಕೆ ಉಗಿದು ಬಾಯಿ ಮುಕ್ಕಳಿಸಿ, ಎಳೆ ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ತಟ್ಟೆಯ ಮೇಲೆ ಉದುರಿಸಿದ ಮೇಲೆಯೇ ಉಳಿದವರ ಕೈ. ಅವಳ ಕೈಗುಣಕ್ಕೆ ಗೂಡು ಗಟ್ಟಿಯಾಗುತ್ತದೆ ಎಂದು ನಂಬಿಕೆ. ಹುಳಮನೆಗೆ ಅನ್ಯರನ್ನು ಬಿಡದ ಗಯ್ಯಾಳಿ ಹೆಂಗಸರೂ ಅವಳಿಗೆ ಬಾಗಿಲು ತೆಗೆಯುತ್ತಿದ್ದರು.

ಅವಳು ಅಪ್ಪನ ಅಣ್ಣನ ಹೆಂಡತಿ. ನನ್ನ ತಾಯಿ ಬೇಗ ಹೋದದ್ದರಿಂದ ನನ್ನನ್ನು ಸಾಕಿದವಳೂ ಅವಳೇ. ನಾನು ಕುದೂರಿನ ಕಡೆ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾದಾಗ ಅವಳಿಗೆ ಆದಷ್ಟು ಹೆಮ್ಮೆ ನನಗೂ ಆಗಿರಲಿಲ್ಲ. ಕೈಗುಣ ಎಂಬುದೆಲ್ಲ ಮೌಢ್ಯ ಎಂದು ನಾನು ಊರ ತುಂಬ ಹೇಳಿಕೊಂಡು ತಿರುಗುತ್ತಿದ್ದೆ. ಅವಳು ಕೇಳಿ ನಗುತ್ತಿದ್ದಳು.

ರಾಮನಗರ ಇನ್ನೂ ಜಿಲ್ಲೆಯಾಗಿರಲಿಲ್ಲ. ಬೆಂಗಳೂರಿನ ಕಡೆಯಿಂದ ಕಾರ್ಖಾನೆಗಳು ಒಂದೊಂದಾಗಿ ನಮ್ಮ ಕಡೆಗೆ ಸರಿದು ಬರುತ್ತಿದ್ದ ಕಾಲ. ಆಗ ಒಂದು ಸಂಸ್ಥೆಯವರು ಜೀಪಿನಲ್ಲಿ ಸಸಿ ತುಂಬಿಕೊಂಡು ಊರಿಗೆ ಬಂದರು. ಭೂಮಿ ಬಿಸಿಯಾಗುತ್ತಿದೆ, ಹೊಲದ ಬದುವಿನ ಮೇಲೆ ಹೊಂಗೆ, ಬೇವು, ಸಿಲ್ವರ್ ಓಕ್ ನೆಡಿ, ಸಸಿ ನಮ್ಮದು, ಮರ ನಿಮ್ಮದು ಎಂದರು. ಊರವರಿಗೆ ತಿಳಿಸಿ ಹೇಳಲು ಒಬ್ಬ ಓದಿದವನು ಬೇಕಿತ್ತು. ಅವರು ಕರೆಯುವ ಮೊದಲೇ ನಾನು ಹೋಗಿ ಕುಳಿತೆ.

ಹಾಲಿನ ಡೈರಿಯ ಮುಂದೆ ನಿಂತು ಒಂದು ಗಂಟೆ ಮಾತಾಡಿದೆ. ಇಂಗಾಲದ ಡೈಆಕ್ಸೈಡು ಕಂಬಳಿಯ ಹಾಗೆ ಶಾಖವನ್ನು ಹಿಡಿದಿಡುತ್ತದೆ, ಗಾಳಿಗೆ ಬೇಲಿ ಇಲ್ಲ, ಯಾವ ದೇಶದ ಹೊಗೆಯೂ ಎಲ್ಲರ ತಲೆಯ ಮೇಲೆಯೇ ಎಂದೆಲ್ಲ ಕೈ ಬೀಸಿ ಹೇಳಿದೆ. ಜನ ಆಕಳಿಸಿದರು. ದೊಡ್ಡವ್ವ ಮಾತ್ರ ಕೇಳಿದಳು:

"ಅದು ಕಣ್ಗೆ ಕಾಣಕ್ಕಿಲ್ವೇನಪ್ಪ?"

"ಕಾಣಲ್ಲ ದೊಡ್ಡವ್ವ. ಮರ ಅದನ್ನ ಕುಡ್ಕೊಂಡು ಮೈಗೆ ಹಾಕ್ಕತ್ತದೆ."

"ನಮ್ ಹುಳ ಸೊಪ್ಪು ತಿಂದಂಗೆ ಅನ್ನು."

ಇಷ್ಟು ಚೆನ್ನಾಗಿ ನಾನು ಯಾವ ತರಗತಿಯಲ್ಲೂ ಹೇಳಿರಲಿಲ್ಲ. ಸಂಸ್ಥೆಯವರ ಕರಾರಿನ ಕಾಗದ ಇಂಗ್ಲಿಷಿನಲ್ಲಿತ್ತು. ನಾನು ಓದಿದೆ. ಮೂರನೇ ಪುಟದಲ್ಲಿ, ಈ ಮರಗಳು ಹೀರುವ ಇಂಗಾಲದ ಮೇಲಿನ ಹಕ್ಕು ಸಂಸ್ಥೆಯದು, ಅದನ್ನು ಬೇರೆಯವರಿಗೆ ಕೊಡಬಹುದು ಎಂದಿತ್ತು. ಮರ ಕುಡಿದ ಗಾಳಿಯನ್ನು ಯಾರು ಹೊತ್ತುಕೊಂಡು ಹೋಗುತ್ತಾರೆ ಎಂದು ಮನಸ್ಸಿನಲ್ಲೇ ನಕ್ಕು ಪುಟ ತಿರುವಿದೆ. ಆದರೂ ಯಾರೂ ಮುಂದೆ ಬರಲಿಲ್ಲ. ಆಗ ಆ ಸಂಸ್ಥೆಯ ಹುಡುಗನ ಕಿವಿಯಲ್ಲಿ ನಾನೇ ಹೇಳಿದೆ, ನಮ್ಮ ದೊಡ್ಡವ್ವನ ಕೈಯಲ್ಲಿ ಮೊದಲು ಹೆಬ್ಬೆಟ್ಟು ಒತ್ತಿಸಿ, ಉಳಿದವರು ಹಿಂದೆ ಬರುತ್ತಾರೆ ಎಂದು. ಮೌಢ್ಯ ಎಂದು ನಾನು ಬೈಯುತ್ತಿದ್ದ ಆ ಕೈಗುಣವನ್ನು ನಾನೇ ಹೀಗೆ ಬಳಸಿಕೊಂಡೆ.

"ನೀನ್ ಓದಿದ್ದೀಯ. ನೀನ್ ಯೋಳುದ್ ಮ್ಯಾಕೆ ಮುಗೀತು," ಎಂದು ಅವಳು ಒತ್ತಿದಳು. ಸಂಜೆಯೊಳಗೆ ಊರೆಲ್ಲ ಒತ್ತಿತು.

ಸಸಿಗಳು ಚೆನ್ನಾಗಿ ಬಂದವು. ದೊಡ್ಡವ್ವ ಬಟ್ಟೆ ಒಗೆದ ನೀರನ್ನೂ ಚೆಲ್ಲದೆ ಬದುವಿಗೆ ಹೊತ್ತು ಹಾಕಿದಳು. ಹೊಂಗೆ ಆಳೆತ್ತರ ದಾಟಿದಾಗ ಸಂಸ್ಥೆಯವರು ಬಂದು, ಅವಳನ್ನು ಮರದ ಪಕ್ಕ ನಿಲ್ಲಿಸಿ ಫೋಟೋ ತೆಗೆದುಕೊಂಡು ಹೋದರು. ಅವಳು ಅದಕ್ಕೆಂದೇ ಮದುವೆಯ ಸೀರೆ ತೆಗೆದು ಉಟ್ಟಿದ್ದಳು.

ಆ ಹೊತ್ತಿಗೆ ಊರಾಚೆ ಕಬ್ಬಿಣ ಕರಗಿಸುವ ಕಾರ್ಖಾನೆಯೊಂದು ಶುರುವಾಗಿತ್ತು. ಮೊದಲು ಒಂದೇ ಹೊಗೆಕೊಳವೆ ಇತ್ತು, ಎರಡು ವರ್ಷಕ್ಕೆ ಇನ್ನೊಂದು ಎದ್ದಿತು. ಬೆಳಿಗ್ಗೆ ಹೊತ್ತು ಸೊಪ್ಪು ಕೊಯ್ಯಲು ಹೋದ ಹೆಂಗಸರ ಬೆರಳೆಲ್ಲ ಕಪ್ಪಾಗತೊಡಗಿತು. ಮಸಿ ಮೆತ್ತಿದ ಸೊಪ್ಪನ್ನು ಹುಳ ಮೂಸಿಯೂ ನೋಡುತ್ತಿರಲಿಲ್ಲ.

"ತೊಳೆದು ಹಾಕು ದೊಡ್ಡವ್ವ," ಎಂದೆ.

"ಒದ್ದೆ ಸೊಪ್ ಹಾಕ್ಬಾರ್ದು ಕಣಪ್ಪ. ಹುಳಕ್ಕೆ ಆಗ್ಬರಕ್ಕಿಲ್ಲ."

"ಒಣಗಿಸಿ ಹಾಕು. ಅದರಲ್ಲೇನಿದೆ?"

ಆಷಾಢದ ಮೋಡ. ತೊಳೆದ ಸೊಪ್ಪು ಒಣಗಲಿಲ್ಲ. ಹುಳ ನಾಲ್ಕನೇ ಜ್ವರ ಮುಗಿಸಿ, ಅಂದರೆ ಕೊನೆಯ ಪೊರೆ ಕಳಚಿ, ಎದ್ದಿದ್ದವು. ಆಗ ಅವಕ್ಕೆ ಬಕಾಸುರನ ಹಸಿವು. ಖಾಲಿ ತಟ್ಟೆಯ ಮೇಲೆ ಅವು ತಲೆಯೆತ್ತಿ ಆಡಿಸುವುದನ್ನು ನೋಡಲಾರದೆ ದೊಡ್ಡವ್ವ ಪಂಚೆಯಲ್ಲಿ ಒರೆಸಿ ಒರೆಸಿ ಹಸಿ ಸೊಪ್ಪನ್ನೇ ಹಾಕಿದಳು. ನಾಲ್ಕು ದಿನಕ್ಕೆ ಸಪ್ಪೆ ರೋಗ ಬಂತು. ಹುಳ ಮೆತ್ತಗಾಗಿ, ಕಪ್ಪಗಾಗಿ, ನಾತ ಹೊಡೆದವು. ಆ ಸಲ ಅವಳು ಮೊದಲ ಸೊಪ್ಪು ಹಾಕಿ ಬಂದಿದ್ದ ಇನ್ನೂ ಐದಾರು ಮನೆಗಳಲ್ಲಿ, ಅವಳನ್ನೇ ನೋಡಿ ಸೊಪ್ಪು ತೊಳೆದಿದ್ದರು. ಅಲ್ಲೂ ಹುಳವನ್ನು ಮಂಕರಿಯಲ್ಲಿ ತುಂಬಿ ತಿಪ್ಪೆಗೆ ಸುರಿದರು.

ಯಾರೂ ಹೊಗೆಯನ್ನು ಬೈಯಲಿಲ್ಲ. ಕಾರ್ಖಾನೆಯಲ್ಲಿ ಮನೆಗೊಬ್ಬರು ಕೆಲಸಕ್ಕಿದ್ದರು. ದೊಡ್ಡವ್ವನ ಕೈ ಕೆಟ್ಟಿತು ಎಂದರು. ಮುಂದಿನ ಬೆಳೆಗೆ ಅವಳನ್ನು ಯಾರೂ ಕರೆಯಲಿಲ್ಲ. ಅವಳು ಜಗಲಿಯ ಮೇಲೆ ಕುಳಿತು ತನ್ನ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. "ಏನ್ ಪಾಪ ಮಾಡ್ತೋ ಈ ಕೈ," ಎಂದು ಒಮ್ಮೆ ನನ್ನೆದುರೇ ಅಂದಳು. ನನಗೆ ಸಂಕಟವಾಯಿತು, ಆದರೆ ತಪ್ಪು ಸೊಪ್ಪು ತೊಳೆಯಲು ಹೇಳಿದ ನನ್ನದು ಎಂದು ಬಾಯಿ ಬಿಡಲಿಲ್ಲ.

ಮುಂದಿನ ಜೂನಿನಲ್ಲಿ ಕಾರ್ಖಾನೆಯವರು ನಮ್ಮ ಶಾಲೆಗೆ ಪುಕ್ಕಟೆ ನೋಟ್‌ಬುಕ್ಕು ಹಂಚಿದರು. ಹಾರ ಹಾಕಿ ವಂದನಾರ್ಪಣೆ ಮಾಡಿದವನು ನಾನೇ. ಆಮೇಲೆ ಸ್ಟಾಫ್ ರೂಮಿನಲ್ಲಿ ಒಂದು ಪುಸ್ತಕವನ್ನು ತಿರುಗಿಸಿ ನೋಡಿದೆ. ಹಿಂಬದಿಯ ರಟ್ಟಿನ ಮೇಲೆ ದೊಡ್ಡವ್ವ! ಮದುವೆಯ ಸೀರೆ, ಪಕ್ಕದಲ್ಲಿ ಹೊಂಗೆ. ಕೆಳಗೆ ಬರೆದಿತ್ತು: "ನಾವು ಬಿಡುವ ಇಂಗಾಲವನ್ನು ಈ ರೈತರ ಮರಗಳು ಹೀರುತ್ತವೆ. ನಮ್ಮ ಲೆಕ್ಕ ಚುಕ್ತಾ."

ಮೂರನೇ ಪುಟ ಆಗ ನನಗೆ ಅರ್ಥವಾಯಿತು. ಮರಗಳು ಇಂಗಾಲ ಹೀರಿದ ಲೆಕ್ಕವನ್ನು ಸಂಸ್ಥೆ ಕಾರ್ಖಾನೆಗೆ ಮಾರಿತ್ತು. ನಮ್ಮ ಬದುವಿನ ಮರ ತೋರಿಸಿ ನಮ್ಮ ತಲೆಯ ಮೇಲೆ ಎರಡನೇ ಕೊಳವೆ ಎತ್ತಿದ್ದರು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ.

ಸಂಸ್ಥೆಯ ಹುಡುಗನನ್ನು ಮಾಗಡಿಯ ಬಸ್ ಸ್ಟ್ಯಾಂಡಿನಲ್ಲಿ ಹಿಡಿದೆ. ಕತ್ತಿನ ಪಟ್ಟಿ ಹಿಡಿಯಬೇಕು ಎಂದೇ ಹೋಗಿದ್ದೆ. ಅವನು ನಮಸ್ಕಾರ ಹೇಳಿ ಟೀ ತರಿಸಿದ.

"ಗಾಳಿಗೆ ಬೇಲಿ ಇಲ್ಲ ಅಂತ ಅವತ್ತು ನೀವೇ ಹೇಳಿದ್ರಲ್ಲ ಸಾರ್. ಹೊಗೆ ಎಲ್ಲಿ ಬಿಟ್ರೇನು, ಮರ ಎಲ್ಲಿ ಬೆಳೆದ್ರೇನು? ಆಕಾಶ ಒಂದೇ ತಾನೆ?"

ನನ್ನದೇ ಮಾತು. ಆಕಾಶ ಒಂದೇ ಎಂಬುದು ಸುಳ್ಳೂ ಅಲ್ಲ, ಅದಕ್ಕೇ ನನಗೆ ಹೆಚ್ಚು ಉರಿಯಿತು. ಕಣ್ಣಿಗೆ ಕಾಣದ್ದು ಲೋಕಕ್ಕೆಲ್ಲ ಹಂಚಿಹೋಗುತ್ತದೆ. ಕಾಣುವ ಮಸಿ ಮಾತ್ರ ದೂರ ಹೋಗದೆ ದೊಡ್ಡವ್ವನ ಸೊಪ್ಪಿನ ಮೇಲೆ ಬೀಳುತ್ತದೆ. ಆ ಮಸಿಯ ಬಗ್ಗೆ ಯಾವ ಪುಟದಲ್ಲೂ ಒಂದಕ್ಷರ ಇರಲಿಲ್ಲ. ನಂಬಿಸಿ ಕತ್ತು ಕೊಯ್ದರು ಎಂದು ನಾನು ಕೂಗಾಡಿದೆ. ಅವನ ಬಸ್ಸು ಬಂತು, ಅವನು ಹೋದ.

ಮಾರನೆಯ ದಿನ ಮಧ್ಯಾಹ್ನ ನೋಟ್‌ಬುಕ್ಕು ತೆಗೆದುಕೊಂಡು ದೊಡ್ಡವ್ವನ ಎದುರು ಕುಳಿತೆ. ಎಲ್ಲ ಹೇಳಿದೆ. ಮಸಿ, ನಾನು ತೊಳೆಯಲು ಹೇಳಿದ್ದರಿಂದಲೇ ಹುಳ ಸತ್ತದ್ದು, ಮೂರನೇ ಪುಟ, ಮೊದಲು ಅವಳ ಕೈಯಲ್ಲೇ ಒತ್ತಿಸಿ ಎಂದು ನಾನು ಕಿವಿಯೂದಿದ್ದು. ಅವಳು ಫೋಟೋದ ಮೇಲಿನ ಸೀರೆಯ ಅಂಚನ್ನು ಸವರುತ್ತ ಕೇಳಿಸಿಕೊಂಡಳು.

"ಅಂಗಾರೆ ನನ್ ಕೈ ಕೆಟ್ಟಿರ್ನಿಲ್ಲ ಅನ್ನು," ಎಂದಳು. ಅವಳ ಮುಖ ಎಷ್ಟೋ ತಿಂಗಳ ಮೇಲೆ ಒಸಿ ಅರಳಿತು. ನನ್ನ ಎದೆಯೂ ಹಗುರಾಯಿತು.

"ಇಲ್ಲ ದೊಡ್ಡವ್ವ. ನಿನ್ನ ಕೈಯಲ್ಲಿ ಏನೂ ತಪ್ಪಿಲ್ಲ."

ಅವಳು ಹೆಬ್ಬೆರಳನ್ನು ಎತ್ತಿ ನೋಡಿದಳು.

"ಒತ್ತಿದ್ದು ಇದೇ ಕೈ ಅಲ್ವೇನಪ್ಪ? ನಾನ್ ಒತ್ತುದ್ ಮ್ಯಾಕೆ ತಾನೇ ಊರು ಒತ್ತಿದ್ದು?"

ಊರಿನವರಿಗೆ ಮನೆಮನೆಗೂ ಹೋಗಿ ನಾನು ನಿಜ ಹೇಳಿದೆ. ಕೆಲವರು ನಂಬಿದರು. ಶ್ರಾವಣದಲ್ಲಿ ಎರಡು ಮನೆಯವರು ಮೊದಲ ಸೊಪ್ಪಿಗೆ ಅವಳನ್ನು ಕರೆಯಲು ಬಂದರು. ಅವಳು ಅವರನ್ನು ಕೂರಿಸಿ, ಮಜ್ಜಿಗೆ ಕೊಟ್ಟು, ನನ್ನ ಕಡೆ ತಿರುಗಿ, "ನೀನೇ ಯೋಳ್ ಕಳ್ಸಪ್ಪ, ನಾನ್ ಬರಕ್ಕಿಲ್ಲ," ಎಂದಳು. ನಾನೇ ಹೇಳಿ ಕಳಿಸಿದೆ.