ಒಂದು ಸ್ವಿಚ್ಚು, ಎರಡು ಲೈಟು

ಕಳೆದ ವಾರ ನಾನೊಂದು ಸ್ವಿಚ್ ಒತ್ತಿ ಮೂವರು ಹೆಂಗಸರನ್ನು ಮನೆಯಿಂದ ಎಬ್ಬಿಸಿ ಕಳಿಸಿದೆ. ಬಾಯಲ್ಲಿ ಒಂದು ಮಾತೂ ಆಡಲಿಲ್ಲ!

ಆದದ್ದಿಷ್ಟು. ಹೊನ್ನಾವರದ ನಮ್ಮ ಮನೆಯಲ್ಲಿ ಹಾಲ್‌ಗೂ ಜಗಲಿಗೂ ಸೇರಿ ಇದ್ದದ್ದು ಒಂದೇ ಸ್ವಿಚ್. (ವೈರಿಂಗ್ ಮಾಡಿಸಿದ್ದು ನನ್ನ ಮಾವ. ಸ್ವಿಚ್ಚಿನಲ್ಲೂ ಉಳಿತಾಯ ನೋಡಿದ ಪುಣ್ಯಾತ್ಮ!) ಕಣ್ಣಿನ ಆಪರೇಷನ್ ಆದ ಮೇಲೆ ನನಗೆ ಟ್ಯೂಬ್‌ಲೈಟ್ ಚುಚ್ಚುತ್ತದೆ. ಸಂಜೆ ಆರಿಸಿದೆ. ಜಗಲಿಯೂ ಕತ್ತಲಾಯಿತು. ಅಲ್ಲಿ ನಾದಿನಿ ಸಾವಿತ್ರಿ ಕೇರಿಯ ಗೆಳತಿಯರ ಜೊತೆ ಅಬ್ಬಲಿಗೆ ಹೂವಿನ ದಂಡೆ ಕಟ್ಟುತ್ತ ಹಾಡು ಹೇಳುತ್ತಿದ್ದಳು. ಹಾಡು ಅರ್ಧಕ್ಕೇ ನಿಂತಿತು.

“ಆತು, ಏಳ್ರೇ, ಹೋಗ್ವಾ,” ಎಂದಳು ಅವರಲ್ಲೊಬ್ಬಳು, ಹೊನ್ನಮ್ಮ.

ಬಂದವರನ್ನು ‘ಹೋಗಿ’ ಎನ್ನುವ ಪದ್ಧತಿ ನಮ್ಮ ಕಡೆ ಇದೆಯೇ? ಇಲ್ಲ. ಲೈಟು ಆರಿಸಿದರೆ ಸಾಕು, ಎಲ್ಲರಿಗೂ ಅರ್ಥವಾಗುತ್ತದೆ. ನಾನು ‘ಸಾರಿ, ಸಾರಿ’ ಎನ್ನುತ್ತ ಮೆಟ್ಟಿಲವರೆಗೂ ಹೋದೆ. ಯಾರು ಕೇಳುತ್ತಾರೆ? ಮರುದಿನ ಜಗಲಿ ಖಾಲಿ. ಅದರ ಮರುದಿನವೂ.

ಸಾವಿತ್ರಿ ಒಬ್ಬಳೇ ಹೂ ಕಟ್ಟುತ್ತ ಕುಳಿತಳು. ಗಂಡ ಹೋದ ಮೇಲೆ ತವರಿಗೆ ಬಂದವಳು. ದಿನವಿಡೀ ಮನೆಗೆಲಸ. ಸಂಜೆಯ ಆ ಒಂದು ಗಂಟೆಯೇ ಅವಳ ಲೈಫು.

“ನಾ ಕರೆದ್ರೂ ಅವ್ರು ಬರೂದಿಲ್ಲ, ಅತ್ತಿಗೆ,” ಎಂದಳು. “ಲೈಟು ನಂದಲ್ಲ ಅಂತ ಅವ್ರಿಗೆ ಗೊತ್ತಾತಲ್ಲ.”

ಹುಟ್ಟಿದ ಮನೆಯಲ್ಲಿ ಆಡಬೇಕಾದ ಮಾತೇ ಇದು?

ನಾನು ಕರೆಸಿದ ಮೇಲೆ ಭಟ್ಕಳದಿಂದ ಎಲೆಕ್ಟ್ರಿಷಿಯನ್ ಇಸ್ಮಾಯಿಲ್ ಬಂದ. “ಜಗಲಿಗೆ ಬೇರೆ ವೈರ್ ಎಳೀತೇನೆ ಅಮ್ಮಾ. ಸ್ವಿಚ್ ನಿಮ್ಮ ಕುರ್ಚಿ ಹತ್ರನೇ ಇರ್ಲಿ, ಈ ಬೋರ್ಡಿನಲ್ಲೇ ಜಾಗ ಉಂಟು.”

ಯಾಕೋ ನಾನು ಓದಿದ ಕಾನ್ವೆಂಟಿನ ಡಾರ್ಮಿಟರಿ ಕಣ್ಣ ಮುಂದೆ ಬಂತು. ಅಷ್ಟು ಹುಡುಗಿಯರಿಗೆ ಒಂದೇ ಸ್ವಿಚ್, ಅದರ ಪಕ್ಕ ವಾರ್ಡನ್ ಸಿಸ್ಟರ್. ‘ಲೈಟ್ಸ್ ಔಟ್, ಗರ್ಲ್ಸ್!’ ಎಷ್ಟು ಕತೆಗಳ ಕೊನೆ ಕತ್ತಲಲ್ಲೇ ಉಳಿಯಿತೋ! ಆ ಹುಡುಗಿಯರೆಲ್ಲ ಈಗ ಎಲ್ಲಿದ್ದಾರೋ.

“ನೋ,” ಎಂದೆ. “ಜಗಲಿಯದ್ದು ಜಗಲಿಯಲ್ಲೇ ಹಾಕು. ಸಾವಿತ್ರಿ ಕೂರುವ ಕಂಬದ ಪಕ್ಕ.”

“ದಾರೀಲಿ ಹೋಗೋರೆಲ್ಲ ಒತ್ತಿ ಹೋಗ್ತಾರೆ ಅಮ್ಮಾ!”

“ಒತ್ತಲಿ. ಬೆಳಕಾಗ್ತದಲ್ಲ.”

ಅಂದು ಸಂಜೆ ಸಾವಿತ್ರಿ ತಾನೇ ಹೋಗಿ ಹೊನ್ನಮ್ಮನನ್ನು ಕರೆತಂದಳು. ಹೊನ್ನಮ್ಮ ಮೆಟ್ಟಿಲ ಮೇಲೇ ನಿಂತಳು. “ನಿನ್ನ ಅತ್ತಿಗೆ ಎಂತ ಹೇಳ್ತಾರೋ?”

“ಎಂತ ಹೇಳೂದು? ಈ ಬಟನ್ ನಂದು ಮಾರಾಯ್ತಿ. ಕೂತ್ಕೋ!”

ಆ ‘ನಂದು’ ಒಳಗೆ ನನ್ನವರೆಗೂ ಕೇಳಿಸಿತು. ಉಳಿದಿಬ್ಬರೂ ಬಂದರು. ನನ್ನ ಹಾಲ್ ಕತ್ತಲು, ಅವಳ ಜಗಲಿ ಬೆಳಕು. ಊಟದ ಹೊತ್ತಾದರೂ ಯಾರೂ ಏಳಲಿಲ್ಲ. ನನಗೋ ಹಸಿವು. ಆರಿಸೋಣವೆಂದರೆ ಪವರ್ ನನ್ನ ಕೈಯಲ್ಲಿಲ್ಲ!

ಅಂದ ಹಾಗೆ, ನಿಮ್ಮ ಮನೆಯ ಸ್ವಿಚ್‌ಬೋರ್ಡು ಯಾರ ಕೈಗೆ ಎಟುಕುವ ಹಾಗಿದೆ?